ಸಾಕಮ್ಮನ ಗಂಟಲಲ್ಲಿ ಬೆಳೆದದ್ದು

ಹೋದ ತಿಂಗಳು ಮಳವಳ್ಳಿಯಲ್ಲಿ ಒಂದು ಕೆಲಸ ಮುಗಿಸಿಕೊಂಡು ಮದ್ದೂರಿನ ಮೇಲೆ ಮಂಡ್ಯಕ್ಕೆ ಬರುತ್ತಿದ್ದೆ. ಮದ್ದೂರು ದಾಟಿದ ಮೇಲೆ ಒಂದು ಕಡೆ ಬಸ್ಸು ನಿಧಾನವಾಯಿತು. ಕಬ್ಬಿನ ಹಾಲು ಕುದಿಯುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದ ಸೀಟಿನಾಕೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಎಲ್ಲರಿಗೂ ಅದು ಬೆಲ್ಲದ ವಾಸನೆ. ನನಗೆ ಮಾತ್ರ ಅದರ ತಳದಲ್ಲಿ ಇನ್ನೊಂದು ಸಿಗುತ್ತದೆ: ನೆನೆದು, ಒಣಗಿ, ಮತ್ತೆ ನೆನೆದ ಕಬ್ಬಿನ ಸಿಪ್ಪೆಗೆ ಬೂಷ್ಟು ಹಿಡಿದ ವಾಸನೆ. ಅದು ಮೂಗಿಗೆ ಬಿದ್ದರೆ ಈಗಲೂ ನನ್ನ ಎದೆ ಫಲಿತಾಂಶದ ಪಟ್ಟಿ ನೋಡುವವರ ಎದೆಯ ಹಾಗೆ ಹೊಡೆದುಕೊಳ್ಳುತ್ತದೆ.

ಮಂಡ್ಯದಲ್ಲಿ ಇಳಿದು ನಾನು ಮೈಸೂರಿನ ಬಸ್ಸು ಹತ್ತಬೇಕಿತ್ತು. ಪಕ್ಕದಲ್ಲಿ ಕೆರಗೋಡಿನ ಬಸ್ಸು ಹೊರಡುವುದರಲ್ಲಿತ್ತು. ಅದಕ್ಕೆ ಹತ್ತಿ ಕೂತೆ. ಮೊದಲೇ ತಿಳಿಸದೆ ಯಾರ ಮನೆಗೂ ಹೋಗುವವಳಲ್ಲ ನಾನು.

ಸಾಕಮ್ಮನನ್ನು ಮೊದಲು ಕಂಡದ್ದು ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ. ಎಂ.ಎಸ್ಸಿ. ಮುಗಿಸಿ ಮಂಡ್ಯದ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದ್ದೆ. ಕಫ, ಮೂತ್ರ, ಕೀವು, ಗಂಟಲಿನ ದ್ರವ, ಯಾವುದು ಬಂದರೂ ಅದರಲ್ಲಿ ಯಾವ ಸೂಕ್ಷ್ಮಜೀವಿ ಇದೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ನನಗೆ ಇಷ್ಟವಾದದ್ದು ಶಿಲೀಂಧ್ರ. ಆದರೆ ಶಿಲೀಂಧ್ರ ನೋಡಿ ಎಂದು ಯಾವ ಡಾಕ್ಟರೂ ಮಾದರಿ ಕಳಿಸುತ್ತಿರಲಿಲ್ಲ. ಕಾಲೇಜಿನಲ್ಲಿ ನನ್ನ ಜೊತೆಗಿದ್ದ ಸುಮ ಅಲ್ಲೇ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಬ್ಬಿನ ತ್ಯಾಜ್ಯಕ್ಕೆ ಹಿಡಿಯುವ ಬೂಷ್ಟುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ವಾರಕ್ಕೊಮ್ಮೆ ಸಿಕ್ಕಾಗ ಅವಳು ತನ್ನ ಬೂಷ್ಟುಗಳ ಬಣ್ಣ ವರ್ಣಿಸುವಳು, ನಾನು ಹೊಟ್ಟೆಕಿಚ್ಚಿನಿಂದ ಕೇಳುವೆ.

ಆಲೆಮನೆಗಳು ಶುರುವಾದ ವಾರದಲ್ಲಿ ಸಾಕಮ್ಮ ಕಫದ ಡಬ್ಬಿ ಹಿಡಿದು ಬಂದರು. ಐವತ್ತರ ಹತ್ತಿರದ, ಬೆನ್ನು ನೆಟ್ಟಗಿದ್ದ ಹೆಂಗಸು. ಜೊತೆಗೆ ತಮ್ಮ ಜವರ. ಹೆಸರೇನು ಎಂದು ಕೇಳಿದರೆ ಸಾಕಮ್ಮನ ತುಟಿ ಅಲ್ಲಾಡಿತು, ಗಾಳಿ ಬಂತು, ಶಬ್ದ ಬರಲಿಲ್ಲ.

"ನಾನೇ ಯೋಳ್ತೀನಿ ಬುಡಿ ಮೇಡಮ್ಮು," ಎಂದ ಜವರ. "ಸಾಕಮ್ಮ. ಮೂರ್ ತಿಂಗ್ಳಾತು ಗಂಟ್ಲು ಕಟ್ಕೊಂಡು. ಅದ್ಕೂ ಮುಂಚೆ ಇವ್ಳು ಒಂದ್ ಕೂಗ್ ಆಕುದ್ರೆ ಕೆರಗೋಡಲ್ ನಿಂತಿರೋ ಬಸ್ಸು ಒಂಟೋಯ್ತಿತ್ತು. ಈಗ ಊರೆಲ್ಲ ನೆಮ್ದಿಯಾಗೈತೆ."

ಸಾಕಮ್ಮ ಅವನ ತೋಳಿಗೆ ಬಲವಾಗಿ ಒಂದು ಏಟು ಕೊಟ್ಟರು.

ಕ್ಷಯದ ಶಂಕೆಯಲ್ಲಿ ಮೂರು ಸಲ ಕಫ ನೋಡಿದೆ. ಮೂರು ಸಲವೂ ಏನೂ ಇಲ್ಲ. ಬಂದಾಗಲೆಲ್ಲ ಅವರು ಕಾಗದದಲ್ಲಿ ಸುತ್ತಿದ ಅಚ್ಚುಬೆಲ್ಲವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಲ್ಯಾಬಿನೊಳಗೆ ತಿನ್ನುವ ವಸ್ತು ತರಬಾರದು ಎಂದು ಮೂರು ಸಲವೂ ವಾಪಸು ಕೊಟ್ಟೆ. ನಿಯಮ ನಿಜವೇ, ಆದರೆ ಯಾರಿಂದಲಾದರೂ ಏನಾದರೂ ತೆಗೆದುಕೊಳ್ಳುವುದು ನನಗೆ ಮೊದಲಿನಿಂದಲೂ ಕಷ್ಟ. ಮೂರನೆಯ ದಿನ ಹೊರಗಿನ ಬೆಂಚಿನ ಮೇಲೆ ಕೂತು ಅವರು ಉಬ್ಬಸದ ಇನ್ಹೇಲರ್ ಬಾಯಿಗಿಟ್ಟು ಎರಡು ಸಲ ಎಳೆದುಕೊಂಡರು. ನಾನು ಬೇಡವೆಂದ ಬೆಲ್ಲದಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಬಾಗಿಲ ಸಂದಿಯಿಂದ ಅದನ್ನು ನೋಡಿದೆ. ಎಲ್ಲವನ್ನೂ ಬರೆದಿಡುವ ನಾನು ಅದೊಂದನ್ನು ಬರೆದಿಡಲಿಲ್ಲ.

ಮುಂದಿನ ತಿಂಗಳು ಅವರು ಮತ್ತೆ ಬಂದರು, ಈ ಸಲ ಗಂಟಲಿನ ಡಾಕ್ಟರ್ ಶೈಲಜಾ ಅವರನ್ನು ಕಾಣಲು. ನಡುವೆ ನೆಂಟರೊಬ್ಬರು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಧ್ವನಿಪೆಟ್ಟಿಗೆಯಿಂದ ಒಂದು ಚೂರು ತೆಗೆದು ನೋಡಿ, ಕ್ಯಾನ್ಸರ್ ಇರುವ ಶಂಕೆ ಬಲವಾಗಿದೆ, ಎರಡೂ ಸ್ವರತಂತುಗಳ ಮೇಲೆ ಹರಡಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು ಎಂದಿದ್ದರು. ದಾಖಲಾಗಲು ದಿನ ಕೊಟ್ಟಿದ್ದರು. ಅದಕ್ಕೆ ಇನ್ನು ಹದಿನೆಂಟು ದಿನ ಉಳಿದಿತ್ತು.

ಶೈಲಜಾ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಆ ಚಿತ್ರವನ್ನು ಲ್ಯಾಬಿಗೇ ತಂದು ನನಗೂ ತೋರಿಸಿದರು. ಮುತ್ತಿನಂತೆ ಬಿಳಿಯಾಗಿ ಇರಬೇಕಾದ ಎರಡು ಪಟ್ಟಿಗಳ ಮೇಲೆ ಹೆಪ್ಪುಗಟ್ಟಿದ ಮೊಸರಿನಂಥದ್ದು ಕೂತಿತ್ತು. "ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ. ಇದು ನನಗೆ ಯಾಕೋ ಸರಿ ಕಾಣ್ತಿಲ್ಲ," ಎಂದರು.

ಹೊರಗೆ ಜವರ ಗೋಡೆಗೊರಗಿ ನಿಂತಿದ್ದ. "ಪೆಟ್ಗೇನೆ ತಗುದ್ಬುಟ್ರೆ ನಮ್ಮಕ್ಕ ನನ್ನ ಬಯ್ಯಾದೆಂಗೆ ಮೇಡಮ್ಮು?" ಎಂದ. ತಮಾಷೆಗೇ ಶುರು ಮಾಡಿದ್ದ. ಮುಗಿಸುವಾಗ ಟವಲಿನಿಂದ ಮುಖ ಒರೆಸಿಕೊಂಡ.

ಆ ಭಾನುವಾರ ಸುಮ ಸ್ಕೂಟರಿನಲ್ಲಿ ಬಂದಳು. ಅವಳಿಗೆ ಆಲೆಮನೆಗಳಿಂದ ಹಳೆಯ ರಚ್ಚು ಬೇಕಿತ್ತು. ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಗೆ ಇಲ್ಲಿ ರಚ್ಚು ಎನ್ನುತ್ತಾರೆ. ಒಣಗಿಸಿ ಒಲೆಗೆ ಹಾಕುವುದು ಅದನ್ನೇ. ಕೆರಗೋಡಿನ ಕಡೆ ನನಗೆ ಗೊತ್ತಿದ್ದ ಆಲೆಮನೆ ಒಂದೇ, ಸಾಕಮ್ಮ ಮತ್ತು ಜವರ ಕೆಲಸ ಮಾಡುತ್ತಿದ್ದದ್ದು, ಜವರ ಮೂರು ಸಲ ದಾರಿ ಹೇಳಿದ್ದು.

ಸಾಕಮ್ಮನ ಕೆಲಸ ಏನೆಂದು ಅಲ್ಲಿ ಹೋದ ಮೇಲೆ ಅರ್ಥವಾಯಿತು. ಗುಡಿಸಿಲಿನೊಳಗೆ ಒಂದು ಆಳುದ್ದ ಅಗಲದ ಕೊಪ್ಪರಿಗೆ. ಅದರಲ್ಲಿ ಹಾಲು ಕುದಿಯುತ್ತದೆ. ಒಲೆಯ ಬಾಯಿ ಇರುವುದು ಮಣ್ಣಿನ ಗೋಡೆಯ ಆಚೆ, ಕೆಳಗೆ. ರಚ್ಚು ತುರುಕುವವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಕೊಪ್ಪರಿಗೆಯ ಹತ್ತಿರ ನಿಂತವರಿಗೆ ಉರಿ ಕಾಣುವುದಿಲ್ಲ. ಪಾಕ ನೋಡುವವರು ಈಚೆಯಿಂದ ಕೂಗಬೇಕು: ಉರಿ ಒತ್ತು, ಇಳಿಸು, ನಿಲ್ಲಿಸು. ಒಂದು ಗಳಿಗೆ ತಡವಾದರೆ ಬೆಲ್ಲ ಸೀದು ಕಪ್ಪಾಗುತ್ತದೆ, ಮುಂಚೆ ಆದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಎಂಟು ವರ್ಷ ಆಚೆ ರಚ್ಚು ತುರುಕಿ, ಆಮೇಲೆ ಈಚೆ ಬಂದು, ಆ ಸುತ್ತಿನಲ್ಲಿ ಪಾಕ ನೋಡುವ ಒಬ್ಬಳೇ ಹೆಂಗಸು ಎನ್ನಿಸಿಕೊಂಡವರು ಸಾಕಮ್ಮ. ಆ ವರ್ಷ ಅವರು ಹಿತ್ತಾಳೆ ಸೌಟಿನಿಂದ ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಿದ್ದರು. ಒಂದು ಏಟು ಒತ್ತು, ಎರಡು ಇಳಿಸು, ಮೂರು ನಿಲ್ಲಿಸು.

ಟಣ್, ಟಣ್.

"ಎಲ್ಡಾ ಮೂರಾ?" ಎಂದು ಆಚೆಯಿಂದ ಜವರ ಕೂಗಿದ. ಗಾಣದ ಸದ್ದಿನಲ್ಲಿ ಎಣಿಕೆ ತಪ್ಪಿತ್ತು. ಸಾಕಮ್ಮ ಮತ್ತೆ ಬಡಿದರು. ಅವನು ಮತ್ತೆ ಕೇಳಿದ. ಹಾಲು ಉಕ್ಕಿ ಅಂಚಿಗೆ ಬಂತು. ಅವರು ಬಾಯಿ ತೆರೆದರು, ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ಬರೀ ಗಾಳಿ. ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದರು.

ನಾನು ಗಟ್ಟಿಯಾಗಿ ಮಾತನಾಡಿ ಅಭ್ಯಾಸವಿಲ್ಲದವಳು. ತರಗತಿಯಲ್ಲಿ ಹಾಜರಿ ಹೇಳಿದರೂ ಮೇಷ್ಟ್ರು ಎರಡು ಸಲ ಕೇಳುತ್ತಿದ್ದರು. "ಇಳಿಸಿ," ಎಂದೆ.

"ಅಯ್ಯೋ, ಸೊಳ್ಳೆ ಗುಯ್ಗುಟ್ದಂಗಾಯ್ತು," ಎಂದ ಒಬ್ಬ ಗಾಣದವನು. ಕೊನೆಗೆ ಅವನೇ ಕೂಗಿದ. ಹಾಲು ಇಳಿಯಿತು. ಸಾಕಮ್ಮ ಸೌಟು ಕೆಳಗಿಟ್ಟು, ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಇನ್ಹೇಲರ್ ತೆಗೆದು ಎಳೆದುಕೊಂಡು, ಕೊಪ್ಪರಿಗೆಯ ಅಂಚಿನಿಂದ ಬಿಸಿ ಬೆಲ್ಲ ಬೆರಳಲ್ಲಿ ತೆಗೆದು ನೆಕ್ಕಿದರು.

"ಬಾಯಿ ಮುಕ್ಕಳಿಸೋದಿಲ್ವಾ?" ಎಂದು ಕೇಳಿದೆ.

ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಮುಕ್ಕುಳ್ಸಿ ಅಂದಿದ್ರು. ಔಸ್ದಿ ಕಯ್ಯಿ ಕಣವ್ವ. ಬೆಲ್ಲುದ್ ಮನೇಲಿ ಉಟ್ಟಿ ಬಾಯ್ ಕಯ್ಯಿ ಮಾಡ್ಕಂಡಿರಾನಾ? ಒಂದ್ ಚೂರ್ ಆಕ್ಕೊಂಡ್ರೆ ಓಯ್ತದೆ."

ಅಷ್ಟರಲ್ಲಿ ಸುಮ ಹಿಂದಿನಿಂದ ಕೂಗಿದಳು. ಹೋಗಿ ನೋಡಿದೆ. ಹೋದ ವರ್ಷದ ರಚ್ಚಿನ ಗುಡ್ಡೆ, ಮಳೆಗೆ ನೆನೆದದ್ದು. ಜವರ ಸುಮಳಿಗಾಗಿ ಕವಲುಗೋಲಿನಿಂದ ಒಂದಿಷ್ಟು ರಚ್ಚು ಎಳೆದ. ಒಳಗಿನಿಂದ ಹಸಿರು ಹೊಗೆಯಂಥ ಧೂಳು ಎದ್ದು ಬಿಸಿಲಿನಲ್ಲಿ ತೇಲಿತು. ದಿನಾ ಬೆಳಿಗ್ಗೆ ಈ ಗುಡ್ಡೆ ತಿರುವಿ ಒಣಹಾಕುವವರು ಯಾರು ಎಂದು ಕೇಳಿದೆ.

"ಇನ್ಯಾರು, ನಮ್ಮಕ್ಕನೇ. ನಾವ್ ಮಾಡುದ್ರೆ ಅವ್ಳಿಗೆ ಸರಿಬರಕಿಲ್ಲ."

ನಾನು ಕಣ್ಣು ಮಿಟುಕಿಸದೆ ಆ ಧೂಳನ್ನು ನೋಡುತ್ತ ನಿಂತೆ. ಇನ್ಹೇಲರಿನಲ್ಲಿ ಇರುವುದು ಸ್ಟೆರಾಯ್ಡ್. ಎಳೆದುಕೊಂಡ ಮೇಲೆ ತೊಳೆಯದಿದ್ದರೆ ಅದು ಗಂಟಲಿನಲ್ಲೇ ಉಳಿದು ಅಲ್ಲಿನ ಕಾವಲನ್ನು ಮಲಗಿಸುತ್ತದೆ. ಮಲಗಿದ ಕಾವಲಿನ ಎದುರು ದಿನಾ ಬೆಳಿಗ್ಗೆ ಕೋಟಿಗಟ್ಟಲೆ ಬೂಷ್ಟಿನ ಬೀಜ. ಮೇಲೆ ಸಿಹಿ. ಧ್ವನಿಪೆಟ್ಟಿಗೆಯಲ್ಲಿ ಶಿಲೀಂಧ್ರ ಬೆಳೆಯುವುದು ಬಹಳ ಅಪರೂಪ. ಪಠ್ಯದಲ್ಲಿ ಅದಕ್ಕೆ ಎರಡು ಸಾಲು ಇತ್ತು. ಬೆಳೆದರೆ ಮೇಲಿನ ಚರ್ಮ ಕೆರಳಿ ದಪ್ಪವಾಗಿ, ಮೇಲಿಂದ ತೆಗೆದ ಸಣ್ಣ ಚೂರಿನಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ ಎಂಬುದು ಎರಡನೆಯ ಸಾಲು.

"ಸುಮ, ನಿನ್ನ ಹತ್ತಿರ ಆಲೂಗಡ್ಡೆ ಪ್ಲೇಟು ಎಷ್ಟಿದೆ?" ಎಂದೆ. ಆಲೂಗಡ್ಡೆ ರಸ, ಸಕ್ಕರೆ ಹಾಕಿ ಶಿಲೀಂಧ್ರ ಬೆಳೆಸಲು ಮಾಡುವ ತಟ್ಟೆಗಳು ಅವು. ನಮ್ಮ ಲ್ಯಾಬಿನಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಶೈಲಜಾ ಡಾಕ್ಟರ ಕೋಣೆಯ ಮುಂದೆ ನಿಂತೆ. ಕರೆಯದೆ ಒಳಗೆ ಹೋದದ್ದು ಅದೇ ಮೊದಲು. ಹೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ, ಅದನ್ನು ಓದಿದೆ. ಅವರು ಪೂರ್ತಿ ಕೇಳಿದರು. ತಾವೇ ಎರಡನೆಯ ಸಲ, ಸ್ವಲ್ಪ ಆಳದಿಂದ ಚೂರು ತೆಗೆಯಬೇಕೆಂದಿರುವುದಾಗಿ ಹೇಳಿದರು.

"ಹಾಗಾದರೆ ಮೇಡಂ, ಒಂದು ಭಾಗ ಫಾರ್ಮಲಿನ್‌ಗೆ ಹಾಕಬೇಡಿ. ಉಪ್ಪುನೀರಿನಲ್ಲಿ ಹಾಕಿ ನನಗೆ ಕೊಡಿ."

ಎಲ್ಲ ಕಡೆಯೂ ಗಂಟಲಿನ ಚೂರು ತೆಗೆದ ತಕ್ಷಣ ಫಾರ್ಮಲಿನ್ ಬಾಟಲಿಗೆ ಬೀಳುತ್ತದೆ. ಕೈ ತಾನಾಗಿಯೇ ಅತ್ತ ಹೋಗುತ್ತದೆ. ಫಾರ್ಮಲಿನ್ ಎಲ್ಲವನ್ನೂ ಕಾಪಾಡುತ್ತದೆ, ಎಲ್ಲವನ್ನೂ ಕೊಲ್ಲುತ್ತದೆ. ಸತ್ತದ್ದು ನನ್ನ ತಟ್ಟೆಯಲ್ಲಿ ಬೆಳೆಯುವುದಿಲ್ಲ.

ಬುಧವಾರ ಚೂರು ಬಂತು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲೇ ಬಾಟಲಿ ಹಿಡಿದು ಕಾದಿದ್ದೆ, ನರ್ಸಿನ ಕೈ ಎಲ್ಲಿ ಅಭ್ಯಾಸಬಲದಿಂದ ಫಾರ್ಮಲಿನ್ ಕಡೆ ಹೋಗುತ್ತದೋ ಎಂದು. ಅಕ್ಕಿಕಾಳಿನಷ್ಟು ಗಾತ್ರ. ಅದರ ಒಂದು ಮೂಲೆಯನ್ನು ಗಾಜಿನ ಮೇಲಿಟ್ಟು ಒಂದು ಹನಿ ಕ್ಷಾರ ಹಾಕಿದೆ. ಕ್ಷಾರಕ್ಕೆ ಮನುಷ್ಯನ ಜೀವಕೋಶ ಕರಗುತ್ತದೆ, ಶಿಲೀಂಧ್ರದ ಗೋಡೆ ಕರಗುವುದಿಲ್ಲ. ಇಪ್ಪತ್ತು ನಿಮಿಷ ಕಾಯಬೇಕು. ಕಾದೆ. ಹದಿನೆಂಟನೆಯ ನಿಮಿಷಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ.

ಮೊದಲು ಮಂಜು. ಗಾಜು ಸರಿಸಿದೆ. ಮತ್ತೆ ಮಂಜು. ಇನ್ನೂ ಒಂದು ಕೂದಲಿನಷ್ಟು ಸರಿಸಿದೆ.

ಅಲ್ಲಿ ಕಬ್ಬಿನ ಗದ್ದೆಯೇ ಇತ್ತು. ಪಾರದರ್ಶಕ ದಂಟುಗಳು, ಒಂದರ ಪಕ್ಕ ಒಂದು. ಗಿಣ್ಣಿನ ಹಾಗೆ ಸಮದೂರದಲ್ಲಿ ಅಡ್ಡಗೋಡೆಗಳು. ತುದಿಯಲ್ಲಿ ಕವೆಗೋಲಿನಂತೆ ಕಿರಿದಾಗಿ ಕವಲೊಡೆದವು. ಎಣಿಸತೊಡಗಿ ನಿಲ್ಲಿಸಿದೆ. ಆಮೇಲೆ ಏನಾಯಿತೆಂದು ಬೇರೆಯವರು ಹೇಳಿದ ಮೇಲೆ ಗೊತ್ತಾದದ್ದು: "ಇದೆ! ಇದೆ!" ಎಂದು ನಾನು ಕೂಗಿದೆನಂತೆ, ರಕ್ತ ಕೊಡಲು ಹೊರಗೆ ಕೂತಿದ್ದವರು ಎದ್ದು ನಿಂತರಂತೆ.

ನಮ್ಮ ಲ್ಯಾಬಿನ ಮುಖ್ಯಸ್ಥರು ಬಂದು ನೋಡಿದರು. ಅನುಭವಿ, ಅವಸರವಿಲ್ಲದ ಮನುಷ್ಯ. "ಆಲೆಮನೆ ಸೀಸನ್ ಅಮ್ಮ ಇದು. ಮಂಡ್ಯದ ಗಾಳಿಯಲ್ಲೇ ಇದು ಹಾರಾಡುತ್ತೆ. ನನ್ನ ಕಾಫಿ ಲೋಟದಲ್ಲಿ ಹುಡುಕಿದರೂ ಸಿಗುತ್ತೆ. ಗಾಜಿನ ಮೇಲೆ ಗಾಳಿಯಿಂದ ಬಿದ್ದದ್ದಲ್ಲ ಅಂತ ಹೇಗೆ ಹೇಳ್ತೀ? ಆಕೆಗೆ ಕ್ಯಾನ್ಸರ್ ಇದ್ದು, ನಿನ್ನ ಮಾತು ಕೇಳಿ ತಡ ಮಾಡಿದರೆ?"

ಅವರು ಹೇಳಿದ್ದು ಸರಿ ಇತ್ತು. ಸಾಕಮ್ಮ ದಾಖಲಾಗಬೇಕಾದ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು.

ಉಳಿದ ಚೂರನ್ನು ಐದು ಕಣ ಮಾಡಿ ಸುಮ ತಂದ ಐದು ತಟ್ಟೆಗಳ ನಟ್ಟನಡುವೆ ಒಂದೊಂದು ನೆಟ್ಟೆ. ಇನ್ನೂ ಐದು ಖಾಲಿ ತಟ್ಟೆಗಳನ್ನು ಅದೇ ಹೊತ್ತಿನಲ್ಲಿ, ಅದೇ ಮೇಜಿನ ಮೇಲೆ ಅಷ್ಟೇ ಹೊತ್ತು ತೆರೆದಿಟ್ಟು ಮುಚ್ಚಿದೆ. ಗಾಳಿಯಿಂದ ಬಂದದ್ದಾದರೆ ಎಲ್ಲ ತಟ್ಟೆಗೂ, ಎಲ್ಲೆಂದರಲ್ಲಿ ಬರಬೇಕು. ಸಾಕಮ್ಮನ ಗಂಟಲಿನದಾದರೆ ಐದರಲ್ಲಿ ಮಾತ್ರ, ನೆಟ್ಟ ಜಾಗದಲ್ಲಿ ಮಾತ್ರ.

ಗುರುವಾರ ಏನೂ ಇಲ್ಲ. ಶುಕ್ರವಾರ ಮೊದಲನೆಯ ತಟ್ಟೆಯ ನಡುವೆ ಬಿಳಿ ನೂಲು. ಶನಿವಾರ ಬೆಳಿಗ್ಗೆ ಬೀಗ ತೆಗೆದವಳು ಚೀಲ ಹೆಗಲಿಂದ ಇಳಿಸದೆಯೇ ತಟ್ಟೆಗಳನ್ನಿಟ್ಟಿದ್ದ ಪೆಟ್ಟಿಗೆ ತೆರೆದೆ. ಐದು ತಟ್ಟೆ, ಐದರಲ್ಲೂ ನಟ್ಟನಡುವೆ ಹೆಸರುಕಾಳಿನ ಬಣ್ಣದ ದುಂಡನೆಯ ಮಚ್ಚೆ. ಖಾಲಿ ತಟ್ಟೆಗಳಲ್ಲಿ ಒಂದರ ಅಂಚಿನಲ್ಲಿ ಮಾತ್ರ ಕಪ್ಪು ಚುಕ್ಕಿಯೊಂದು, ಬೇರೆ ಜಾತಿಯದು. ಸುಮಳಿಗೆ ಫೋನು ಮಾಡಿದೆ. ಅವಳು ವಿ.ಸಿ. ಫಾರಂನಿಂದ ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ ತೆಗೆಯದೆ ನೋಡಿದಳು. "ಆಸ್ಪರ್ಜಿಲಸ್. ರಚ್ಚಿನ ಗುಡ್ಡೆಯಲ್ಲಿ ನನಗೆ ಸಿಕ್ಕಿರೋದೂ ಇದೇ ಜಾತಿ ಕಣೇ!" ಇಬ್ಬರೂ ಕೈ ಹಿಡಿದುಕೊಂಡು ಕುಣಿದೆವು. ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ.

ಮುಖ್ಯಸ್ಥರು ಹತ್ತು ತಟ್ಟೆಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ತಾವೇ ಶೈಲಜಾ ಡಾಕ್ಟರಿಗೆ ಫೋನು ಮಾಡಿದರು. ಎರಡು ದಿನದ ನಂತರ ಫಾರ್ಮಲಿನ್‌ಗೆ ಹೋಗಿದ್ದ ಭಾಗದ ವರದಿಯೂ ಬಂತು: ಅಂಗಾಂಶದ ಒಳಗೇ ಶಿಲೀಂಧ್ರದ ಎಳೆಗಳು, ಎಲ್ಲಿಯೂ ಕ್ಯಾನ್ಸರ್ ಇಲ್ಲ. ದೊಡ್ಡ ಆಸ್ಪತ್ರೆಯ ಡಾಕ್ಟರು ತಮ್ಮ ಹಳೆಯ ಸ್ಲೈಡಿಗೆ ಶಿಲೀಂಧ್ರದ ಬಣ್ಣ ಹಾಕಿ ನೋಡಿ, ಅದರಲ್ಲೂ ಎಳೆಗಳಿವೆ ಎಂದು ತಾವಾಗಿಯೇ ಶೈಲಜಾ ಡಾಕ್ಟರಿಗೆ ತಿಳಿಸಿದರು. ಮೊದಲು ಆ ಬಣ್ಣ ಹಾಕಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಸಾಕಮ್ಮನಿಗೆ ಹೇಳುವಾಗ ಶೈಲಜಾ ಡಾಕ್ಟರು ನನ್ನನ್ನೂ ಕರೆಸಿದರು. ಆಪರೇಷನ್ ಬೇಡ, ಮಾತ್ರೆ ಸಾಕು ಎಂದಾಗ ಅಕ್ಕ ತಮ್ಮ ಇಬ್ಬರೂ ನಂಬಲಿಲ್ಲ. ನಾನು ಮುಚ್ಚಳ ಹಾಕಿದ ತಟ್ಟೆ ತೋರಿಸಿದೆ.

"ಇದೇನ್ರವ್ವಾ, ಬ್ರೆಡ್ಡಿಗ್ ಇಡ್ದಂಗೈತೆ," ಎಂದ ಜವರ.

"ಅದೇ ಜಾತಿಯದು. ನಿಮ್ಮ ಅಕ್ಕನ ಗಂಟಲಲ್ಲಿ ಇದ್ದದ್ದು."

"ಬೂಷ್ಟಾ?" ಅವನು ಅಕ್ಕನ ಕಡೆ ತಿರುಗಿದ. "ನೋಡ್ದಾ? ಮಾತಾಡಿ ಮಾತಾಡಿ ಸವೆದೋಗೈತೆ ಅಂತಿದ್ದೆ ನಾನು. ಬೂಷ್ಟು ಇಡ್ದೈತೆ ಕಣವ್ವ, ಬೂಷ್ಟು!"

ಸಾಕಮ್ಮ ನಕ್ಕರು. ಶಬ್ದವಿಲ್ಲದೆ, ಭುಜ ಕುಲುಕಿಸಿಕೊಂಡು, ಕಣ್ಣಿಂದ ನೀರು ಸುರಿಯುವ ತನಕ ನಕ್ಕರು. ನಂತರ ಸೆರಗಿನಿಂದ ಬೆಲ್ಲದ ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದವರು, ನನ್ನ ಮುಖ ನೋಡಿ ತಾವೇ ಮತ್ತೆ ಸೆರಗಿಗೆ ಕಟ್ಟಿಕೊಂಡರು. ಬಾಗಿಲಲ್ಲಿ ತಿರುಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಬತ್ತೀನಿ ಬೂಷ್ಟಮ್ಮ."

ಆ ಹೆಸರು ಆಸ್ಪತ್ರೆಯಲ್ಲಿ ನಾನು ಕೆಲಸ ಬಿಡುವ ತನಕ ಉಳಿಯಿತು.

ಮಾತ್ರೆ ಮೂರು ತಿಂಗಳು. ಇನ್ಹೇಲರ್ ಆದ ಮೇಲೆ ನೀರಿನಿಂದ ಮುಕ್ಕಳಿಸುವುದು, ಹಳೆಯ ಗುಡ್ಡೆಯ ಹತ್ತಿರ ಹೋಗದಿರುವುದು, ಕೂಗದಿರುವುದು. ಐದನೆಯ ವಾರಕ್ಕೆ ಆ ಮೊಸರಿನಂಥದ್ದು ಮಾಯವಾಗಿತ್ತು. ಎಂಟನೆಯ ವಾರ ಲ್ಯಾಬಿಗೆ ಬಂದು "ಊಟ ಆಯ್ತಾ?" ಎಂದರು. ಒಡಕು ತಮಟೆಯಂಥ ಸ್ವರ, ಆದರೂ ಸ್ವರ. ಮಾತು ಬರುತ್ತದೆ, ಆದರೆ ತಂತುಗಳ ಮೇಲೆ ಗಾಯದ ಗುರುತು ಉಳಿದಿದೆ, ಮೊದಲಿನಂತೆ ಕೂಗಲು ಆಗುತ್ತದೋ ಇಲ್ಲವೋ ಹೇಳಲಾರೆ ಎಂದು ಶೈಲಜಾ ಡಾಕ್ಟರು ನನಗೆ ಹೇಳಿದ್ದರು. ಬೇಸಿಗೆ ಬಂತು. ಆಲೆಮನೆ ನಿಂತಿತು. ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಕೆರಗೋಡಿಗೆ ಹೋಗಿ ಬರಬಹುದಿತ್ತು. ಹೋಗಲಿಲ್ಲ. ತಟ್ಟೆಯ ಆ ಹಸಿರು ಮಚ್ಚೆಗಳಿಗಾಗಿ ಅಷ್ಟು ಕುಣಿದವಳಿಗೆ, ಕೂಗು ಬರಲಿಲ್ಲ ಎಂಬ ಉತ್ತರ ಕೇಳುವ ಧೈರ್ಯ ಇರಲಿಲ್ಲ. ಮೂರು ವರ್ಷ ಯಾರನ್ನೂ ಕೇಳಲಿಲ್ಲ.

ಕೆರಗೋಡಿನ ಬಸ್ಸು ನನ್ನನ್ನು ಗದ್ದೆಯ ದಾರಿಯಲ್ಲಿ ಇಳಿಸಿ ಹೋಯಿತು. ದೂರದಲ್ಲಿ ಆಲೆಮನೆಯ ಹೊಗೆ. ಬದುವಿನ ಮೇಲೆ ಬೇಗ ಬೇಗ ನಡೆದೆ. ಗಾಣದ ಸದ್ದು ಕೇಳುವಷ್ಟು ಹತ್ತಿರ ಬಂದಾಗ ಅದು ಕೇಳಿಸಿತು.

ಟಣ್. ಟಣ್. ಟಣ್.

ಸೌಟು. ನಾನು ನಿಂತುಬಿಟ್ಟೆ. ಹಾಗಾದರೆ ಕೂಗು ಬಂದಿಲ್ಲ. ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೆ.

"ಲೇ ಜವರಾ! ಕಿವಿಗೆ ಸಗಣಿ ಮೆತ್ಕಂಡಿದ್ದೀಯೇನ್ಲಾ? ನಿಲ್ಸು ಅಂದೆ ಕಣ್ಲಾ, ನಿಲ್ಸೂ!"

ಕಬ್ಬಿನ ಗರಿಗಳ ಮೇಲಿಂದ ಬಂತು ಅದು. ದಪ್ಪ, ಅಂಚು ಒರಟು, ನಡುವೆ ಒಂದು ಕಡೆ ಬಿರುಕು, ಆದರೆ ಗಾಣವನ್ನೂ ಗೋಡೆಯನ್ನೂ ದಾಟಿ ಬದುವಿನ ತನಕ ಬಂತು. ಗದ್ದೆಯಿಂದ ಎರಡು ಕೊಕ್ಕರೆ ಎದ್ದು ಹಾರಿದವು.

ಓಡಿದೆ. ಒಳಗೆ ಸಾಕಮ್ಮ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟು ಗೋಡೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಆಚೆಯಿಂದ ಜವರನ ನಗು ಬಂತು. "ನೀನ್ ಎಷ್ಟಾರ ಕೂಗ್ಕೋ ಅಕ್ಕ, ಏಟ್ ಬಿದ್ ಮ್ಯಾಕೇ ನಾನ್ ನಿಲ್ಸಿದ್ದು. ಮೂರ್ ಏಟ್ ಬೀಳ್ದೆ ನಾನ್ ಉರಿ ನಿಲ್ಸಕ್ಕಿಲ್ಲ. ನಿನ್ ಬಾಯಿ ನಂಬಕಾಯ್ತದಾ? ಇವತ್ತೈತೆ, ನಾಳೆ ಬೂಷ್ಟು ಇಡಿತದೆ."

ಸಾಕಮ್ಮ ಬೈಯಲು ಮತ್ತೆ ಬಾಯಿ ತೆರೆದವರು ನನ್ನನ್ನು ಕಂಡರು. ಗೂಟದಲ್ಲಿ ಇನ್ಹೇಲರಿನ ಚೀಲ ತೂಗುತ್ತಿತ್ತು, ಅದರ ಪಕ್ಕದಲ್ಲೇ ನೀರು ತುಂಬಿದ ಒಂದು ಹಿತ್ತಾಳೆ ಚೊಂಬು.

"ಬೂಷ್ಟಮ್ಮಾ!" ಎಂದು ಕೂಗಿದರು. ಕಬ್ಬು ಕಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ಅಲ್ಲೇ ಯಾಕೆ ನಿಂತ್ಕಂಡಿ? ಬಾರವ್ವ, ಪಾಕ ಬಂದೈತೆ!"

ಒಳಗೆ ಹೋಗಿ ಎರಡೂ ಕೈ ನೀಡಿದೆ. ಸಾಕಮ್ಮ ಇಟ್ಟ ಬಿಸಿ ಬೆಲ್ಲ ಅಂಗೈ ಸುಟ್ಟಿತು. ನಾನು ಗಟ್ಟಿಯಾಗಿ ಚೀರಿದೆ.